ಕಾಲಡಿಯ ಕಾಣೆ

ನನ್ನ ಪಾದ ನೋಡಲು ಚಂದ ಇಲ್ಲ. ಬೆರಳುಗಳು ಒಂದೊಂದು ಒಂದೊಂದು ದಿಕ್ಕಿಗೆ ಹೋಗಿವೆ, ಅಂಗಾಲು ಅಗಲ, ಹಿಮ್ಮಡಿ ಒರಟು. ಕೊಡಿಯಾಲ್‌ಬೈಲಿನಲ್ಲಿ ನಮ್ಮ ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಬ್ಯೂಟಿ ಪಾರ್ಲರ್ ಇದೆ. ಅಲ್ಲಿನ ಹುಡುಗಿ ಏನಾದರೂ ಕಾಪಿ ತೆಗೆಸಲು ಬಂದಾಗಲೆಲ್ಲ ನನ್ನ ಕಾಲು ನೋಡಿ ಮರುಗುತ್ತಾಳೆ. "ಆಂಟಿ, ಒಮ್ಮೆ ಮೇಲೆ ಬನ್ನಿ, ಉಜ್ಜಿ ಮೆತ್ತಗೆ ಮಾಡಿ ಕೊಡ್ತೇನೆ" ಎನ್ನುತ್ತಾಳೆ. ನಾನು ನಕ್ಕು ಸುಮ್ಮನಾಗುತ್ತೇನೆ. ಈ ಪಾದಕ್ಕೆ ಅಳಿವೆಯ ದಡದಲ್ಲಿ ಎಷ್ಟು ಮರ್ಯಾದೆ ಇದೆ ಎಂದು ಹೇಳಿದರೆ ಅವಳು ನಂಬುವುದಿಲ್ಲ. ನಂಬದಿದ್ದರೆ ನನಗೆ ಸಿಟ್ಟು ಬರುತ್ತದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು, ಹಾಗಾಗಿ ಗಿರಾಕಿಗಳ ಮುಂದೆ ಅದನ್ನು ಆದಷ್ಟು ಕೆಣಕದೆ ಇಡುತ್ತೇನೆ.

ಆ ಮರ್ಯಾದೆ ಮೊದಲಿಗೆ ನನ್ನದಾಗಿರಲಿಲ್ಲ, ನನ್ನ ಅತ್ತೆಯದಾಗಿತ್ತು. ನನ್ನ ಗಂಡನ ಮನೆ ಕುದ್ರೋಳಿಯಲ್ಲಿ. ಅಲ್ಲಿಂದ ನಡೆದರೆ ಸುಲ್ತಾನ್ ಬತ್ತೇರಿಯ ಕಡವು. ದೋಣಿ ಹತ್ತಿ ಹೊಳೆ ದಾಟಿದರೆ, ಹೊಳೆಗೂ ಕಡಲಿಗೂ ನಡುವೆ ಉದ್ದಕ್ಕೆ ಮರಳಿನ ಪಟ್ಟಿ, ಅದೇ ಬೆಂಗ್ರೆ. ಅದರಲ್ಲೇ ತೆಂಕು ದಿಕ್ಕಿಗೆ ಹೋದರೆ ಅಳಿವೆ, ಅಂದರೆ ಹೊಳೆ ಕಡಲು ಸೇರುವ ಬಾಯಿ. ಅಲ್ಲಿ ಮರಳಿನ ದಿಣ್ಣೆಗಳ ಮರೆಯಲ್ಲಿ ಕಡಲು ಒಂದಿಷ್ಟು ಒಳಕ್ಕೆ ಬಂದು ನಿಂತಿದೆ. ಇಳಿತದ ಹೊತ್ತಿನಲ್ಲಿ ನೀರು ಮೊಣಕಾಲಿನಷ್ಟು. ಅಲೆಯಿಲ್ಲ, ಅಡಿಯಲ್ಲಿ ನುಣ್ಣನೆಯ ಮರಳು. ಮಳೆಗಾಲ ಮುಗಿದ ಮೇಲೆ ಭಾನುವಾರಗಳಲ್ಲಿ ಅಲ್ಲಿ ಸಣ್ಣ ಕೈರಂಪಣಿ ಬಲೆ ಎಳೆಯುತ್ತಾರೆ. ದೋಣಿಯಿಂದ ಅರ್ಧ ಸುತ್ತು ಬಲೆ ಬಿಟ್ಟು, ಅದರ ಎರಡು ಹಗ್ಗಗಳನ್ನು ದಡದಲ್ಲಿ ನಿಂತ ಗಂಡಸರು ಜಗ್ಗಿ ಎಳೆಯುತ್ತಾರೆ.

ಕಾಣೆ ಮೀನಿನ ರುಚಿಯನ್ನು ಮಂಗಳೂರಿನವರಿಗೆ ನಾನು ಹೇಳಬೇಕಾಗಿಲ್ಲ. ಆದರೆ ಅದರ ಬುದ್ಧಿ ಬಹಳ ಜನಕ್ಕೆ ಗೊತ್ತಿಲ್ಲ. ಬಲೆ ಬರುತ್ತಿದೆ ಎಂದು ಗೊತ್ತಾದರೆ ಬೇರೆ ಮೀನುಗಳು ಮುಂದಕ್ಕೆ ಓಡುತ್ತವೆ, ಕೆಲವು ಮೇಲಕ್ಕೆ ಹಾರುತ್ತವೆ. ಕಾಣೆ ಓಡುವುದಿಲ್ಲ. ತನ್ನ ಚೂಪು ಮೂತಿಯನ್ನು ಮರಳಿಗೆ ಚುಚ್ಚಿ ಒಳಗೆ ಹೊಕ್ಕು ಮಲಗಿಬಿಡುತ್ತದೆ. ಬಲೆ ಅದರ ತಲೆಯ ಮೇಲೆ ಹಾದುಹೋಗುತ್ತದೆ. ಹಾಗೆ ಉಳಿದ ಕಾಣೆಯನ್ನು ಹುಡುಕಲು ಆ ದಡದಲ್ಲಿ ಒಂದೇ ದಾರಿ, ಬರಿಗಾಲಲ್ಲಿ ನಡೆಯುವುದು.

ಅದಕ್ಕೆ ಅಲ್ಲಿ ಕಟ್ಟುಪಾಡು ಇದೆ. ಬಲೆಗೆ ಬಿದ್ದ ಮೀನು ಹಗ್ಗ ಹಿಡಿದವರಿಗೆ ಸೇರುತ್ತದೆ, ಮರಳಿನಲ್ಲಿ ಉಳಿದ ಕಾಣೆ ಅದನ್ನು ಕಾಲಿನಲ್ಲಿ ಕಂಡುಕೊಂಡವರಿಗೆ. ಕೋಲಿನಿಂದ ಚುಚ್ಚುವ ಹಾಗಿಲ್ಲ, ಕೈಯಿಂದ ಕೆದಕುವ ಹಾಗಿಲ್ಲ. ಅಂಗಾಲು ಮೀನನ್ನು ಕಂಡ ಮೇಲೆಯೇ ಕೈ ನೀರಿಗೆ ಇಳಿಯಬೇಕು. ಎಲ್ಲರೂ ಒಟ್ಟಿಗೆ ನುಗ್ಗಿದರೆ ಮೀನು ಎದ್ದು ಹೋಗುತ್ತದೆ ಎಂದು ಮೊದಲು ಒಬ್ಬಳೇ ಹೆಂಗಸು ಇಳಿಯುತ್ತಾಳೆ. ಅವಳಿಗೆ ಸಿಕ್ಕಿದ ಮೊದಲ ಕಾಣೆ ಹಗ್ಗದವರ ಗಂಜಿಗೆ. ಕೆಂಡದಲ್ಲಿ ಸುಟ್ಟು, ಕುಚ್ಚಲಕ್ಕಿ ಗಂಜಿಯ ಜೊತೆ ತುಂಡು ತುಂಡು ಮಾಡಿ ಎಲ್ಲರಿಗೂ ಹಂಚುತ್ತಾರೆ. ಆಮೇಲೆ ಸಿಕ್ಕಿದ್ದೆಲ್ಲ ಅವಳದು. ಯಾರು ಮೊದಲು ಇಳಿಯಬೇಕೆಂದು ಬಲೆಯ ಹಿರಿಯ, ನಾವು ತಂಡೇಲ ಎನ್ನುವವರು, ಬಾಯಿ ಬಿಟ್ಟು ಹೇಳುವುದಿಲ್ಲ. ಬಲೆ ದಡಕ್ಕೆ ಬಂದ ಕೂಡಲೇ ಒಬ್ಬರ ಮುಖ ನೋಡುತ್ತಾರೆ, ಅಷ್ಟೆ. ನಾನು ಮದುವೆಯಾಗಿ ಬರುವ ಎಷ್ಟೋ ವರ್ಷ ಮೊದಲಿನಿಂದಲೂ ಅವರು ನೋಡುತ್ತಿದ್ದದ್ದು ನನ್ನ ಅತ್ತೆಯ ಮುಖವನ್ನು.

ಅತ್ತೆ ಇಳಿಯುವುದನ್ನು ನೋಡುವುದೇ ಒಂದು ಚಂದ. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ನೀರು ಕದಡದ ಹಾಗೆ ಪಾದವನ್ನು ಎತ್ತದೆ ಸರಿಸುತ್ತಾ ಹೋಗುತ್ತಿದ್ದರು. ಕಣ್ಣು ಎಲ್ಲೋ ದೂರದ ಬೋಟಿನ ಮೇಲೆ. ಬಾಯಲ್ಲಿ ಎಲೆ ಅಡಿಕೆ. ನಡೆಯುತ್ತಾ ನಡೆಯುತ್ತಾ ಥಟ್ಟನೆ ನಿಲ್ಲುವರು. ಮೈಯ ಭಾರವನ್ನೆಲ್ಲ ಒಂದು ಹಿಮ್ಮಡಿಗೆ ಹಾಕಿ, ಕೈಯನ್ನು ತಮ್ಮದೇ ಕಾಲಿನ ಗುಂಟ ಕೆಳಗೆ ಜಾರಿಸಿ, ಹೆಬ್ಬೆರಳಿನ ಬುಡದಿಂದ ಬೆಳ್ಳಗೆ ಮಿಂಚುವ ಕಾಣೆಯನ್ನು ಎಳೆದು ತೆಗೆಯುತ್ತಿದ್ದರು. ದಡದಲ್ಲಿ ಯಾರಾದರೂ ಹೊಗಳಿದರೆ "ಅಡ್ಡಿ ಇಲ್ಲ" ಎನ್ನುವರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಮಗನ ಮದುವೆಯ ಊಟಕ್ಕೂ ಅವರು ಹೇಳಿದ್ದು ಅಷ್ಟೇ.

ಮದುವೆಯಾದ ಹೊಸತರಲ್ಲಿ ನನಗೆ ಆ ಮಾತು ಕೂಡ ಸಿಕ್ಕಿರಲಿಲ್ಲ. ನಾನು ವಾಮಂಜೂರಿನವಳು, ಗದ್ದೆಯ ಕಡೆಯವಳು. "ಗದ್ದೆಯ ಹೆಣ್ಣಿಗೆ ಕಡಲಲ್ಲಿ ಎಂತ ಉಂಟು? ಹೆದರಿ ಓಡ್ತದೆ" ಎಂದು ಅತ್ತೆ ನೆರೆಮನೆಯವರ ಎದುರು ತಮಾಷೆ ಮಾಡುತ್ತಿದ್ದರು. ನನಗೆ ಉರಿಯುತ್ತಿತ್ತು. ಏಕೆಂದರೆ ನಾನು ಚಿಕ್ಕಂದಿನಿಂದ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಭತ್ತದ ನೇಜಿ ನೆಟ್ಟವಳು. ಕೆಸರಿನಡಿಯಲ್ಲಿ ಇರುವುದು ಕಲ್ಲೋ, ನರ್ತೆ ಎಂಬ ಗದ್ದೆಯ ಬಸವನಹುಳವೋ, ಏಡಿಯೋ ಎಂದು ಬಗ್ಗಿ ನೋಡದೆ ಹೇಳುತ್ತಿದ್ದೆ. ನಾನು ನೆಟ್ಟ ಗದ್ದೆಯಲ್ಲಿ ಈಗ ಕಾಲೇಜಿನ ಹಾಸ್ಟೆಲ್ ಎದ್ದಿದೆ. ಆ ವಿದ್ಯೆ ಮಾತ್ರ ನನ್ನ ಕಾಲಿನಲ್ಲಿ ಉಳಿದಿತ್ತು. ಅದಕ್ಕೆ ಹಠ ಹಿಡಿದು ಪ್ರತಿ ಭಾನುವಾರ ಅತ್ತೆಯ ಹಿಂದೆ ಕಡವು ದಾಟಿದೆ. ಅವರು ಮೊದಲು ಇಳಿದು ಬಂದ ಮೇಲೆ ಉಳಿದ ಹೆಂಗಸರ ಜೊತೆ ನಾನೂ ಇಳಿಯುತ್ತಿದ್ದೆ. ಕೆಲವು ಸಲ ಸಿಗುತ್ತಿತ್ತು. ಸಿಕ್ಕಿದ ದಿನ ಅತ್ತೆ ನನ್ನ ಕೈಯ ಮೀನನ್ನು ನೋಡಿದರೂ ನೋಡದ ಹಾಗೆ ಬುಟ್ಟಿಯ ಮುಚ್ಚಳ ತೆಗೆದುಕೊಡುತ್ತಿದ್ದರು.

ಹೀಗೆ ನಡೆದುಕೊಂಡು ಬಂದದ್ದು ಈಚೆಗೆ ಒಂದು ಹಂಗಾಮಿನಲ್ಲಿ ಕೆಟ್ಟಿತು. ಅತ್ತೆ ಬರಿಗೈಯಲ್ಲಿ ಬರತೊಡಗಿದರು. ಮೊದಲ ಸಲ ಹೂಳೆತ್ತುವ ಡ್ರೆಜ್ಜಿಂಗ್‌ನವರನ್ನು ಬೈದರು, ಅಳಿವೆಯ ಮರಳೆಲ್ಲ ಅಡಿಮೇಲಾಗಿದೆ ಎಂದರು. ಇನ್ನೊಂದು ಸಲ ಹಗ್ಗದವರ ಗಲಾಟೆ ಹೆಚ್ಚಾಯಿತು ಎಂದರು. ಹಗ್ಗದವರು ಆ ದಿನ ಉಪ್ಪಿನಕಾಯಿ ನಂಜಿಕೊಂಡು ಗಂಜಿ ಕುಡಿದರು. ಯಾರೂ ಏನೂ ಹೇಳಲಿಲ್ಲ, ಬೆಂಗ್ರೆಯ ಒಬ್ಬ ಹೆಂಗಸನ್ನು ಬಿಟ್ಟು. ಆಕೆ ಅತ್ತೆಯ ನಂತರ ತನ್ನದೇ ಸರದಿ ಎಂದು ಬಹಳ ಕಾಲದಿಂದ ಕಾಯುತ್ತಿದ್ದವಳು, ಗಟ್ಟಿ ದನಿಯವಳು. "ಅಕ್ಕನಿಗೆ ಇನ್ನು ಮನೆಯಲ್ಲಿ ಮೊಮ್ಮಕ್ಕಳನ್ನು ಆಡಿಸಿದರೆ ಸಾಕಲ್ವಾ" ಎಂದಳು. ನಮ್ಮ ಮನೆಯಲ್ಲಿ ಮೊಮ್ಮಕ್ಕಳಿಲ್ಲ. ಅದು ಗೊತ್ತಿದ್ದೇ ಹೇಳಿದ್ದು. ನಾನು ತಿರುಗಿ ಏನೋ ಅಂದೆ, ಅದನ್ನು ಇಲ್ಲಿ ಬರೆಯುವುದು ಬೇಡ.

ಅದೇ ಸಂಜೆ ಮನೆಯ ಟೈಲ್ಸಿನ ಮೇಲೆ ಬಾಗಿಲಿನಿಂದ ಅಡುಗೆಮನೆಯವರೆಗೆ ಕೆಂಪು ಗುರುತುಗಳನ್ನು ಕಂಡೆ. ಅತ್ತೆ ಒಲೆಯ ಮುಂದೆ ಆರಾಮಾಗಿ ನಿಂತಿದ್ದರು. ಹಿಡಿದು ಕೂರಿಸಿ ನೋಡಿದರೆ ಅಂಗಾಲಿನಲ್ಲಿ ಮರುವಾಯಿ ಚಿಪ್ಪಿನ ಚೂರು ಹೊಕ್ಕಿತ್ತು. ಕಡಲಿನಿಂದ ಕಡವು, ಕಡವಿನಿಂದ ಮನೆ, ಅಷ್ಟು ದೂರವೂ ಅದರ ಮೇಲೆಯೇ ನಡೆದುಬಂದಿದ್ದಾರೆ. "ನೋವಾಗಲಿಲ್ವಾ ಅತ್ತೆ?" ಎಂದರೆ "ಎಂತ ನೋವು, ಇಷ್ಟು ಸಣ್ಣದಕ್ಕೆ" ಎಂದರು. ಅವರಿಗೆ ಶುಗರ್ ಇದ್ದದ್ದು ನಮಗೆಲ್ಲ ಗೊತ್ತಿತ್ತು. ಮಾತ್ರೆ ನುಂಗಿ ಆಮೇಲೆ ಹಲ್ವ ತಿನ್ನುವ ಜಾತಿಯ ಶುಗರ್ ಅದು.

ಮಾರನೆಯ ದಿನ ಅಂಗಡಿಯನ್ನು ಗಂಡನಿಗೆ ಬಿಟ್ಟು ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಬಹಳ ತಾಳ್ಮೆಯವಳು. ಗಾಯಕ್ಕೆ ಪಟ್ಟಿ ಹಾಕಿದ ಮೇಲೆ ಒಂದು ಸಣ್ಣ ಹಿಡಿಕೆಯ ತುದಿಗೆ ಸಿಕ್ಕಿಸಿದ ನೈಲಾನ್ ಎಳೆ ತೆಗೆದಳು. ಅತ್ತೆ ಅದನ್ನು ನೋಡಿದ್ದೇ ತಡ, "ಇದು ಗಾಳದ ದಾರ ಅಲ್ವಾ? ನಮ್ಮಲ್ಲಿ ಬೇಕಾದಷ್ಟು ಉಂಟು" ಎಂದರು. ಡಾಕ್ಟರು ನಕ್ಕು, "ಕಣ್ಣು ಮುಚ್ಚಿ ಅಮ್ಮ. ನಾನು ಪಾದಕ್ಕೆ ಇದನ್ನು ಮುಟ್ಟಿಸ್ತೇನೆ. ತಾಗಿದ ಕೂಡಲೇ ಹೇಳಿ" ಎಂದಳು.

ಅತ್ತೆ ಕಣ್ಣು ಮುಚ್ಚಿದರು. ಡಾಕ್ಟರು ಹೆಬ್ಬೆರಳಿಗೆ ಎಳೆ ಒತ್ತಿ "ತಾಗ್ತದಾ?" ಎಂದಳು. "ತಾಗ್ತದೆ" ಎಂದರು ಅತ್ತೆ. ಹಿಮ್ಮಡಿಗೆ. "ತಾಗ್ತದೆ." ಆಮೇಲೆ ಡಾಕ್ಟರು ಎಳೆಯನ್ನು ಪಾದದಿಂದ ದೂರ ಹಿಡಿದು, ಎಲ್ಲಿಯೂ ಮುಟ್ಟಿಸದೆ, ಅದೇ ದನಿಯಲ್ಲಿ ಕೇಳಿದಳು. "ತಾಗ್ತದೆ ತಾಗ್ತದೆ, ಎಷ್ಟು ಸಲ ಹೇಳುವುದು" ಎಂದರು ಅತ್ತೆ. ಡಾಕ್ಟರು ನನ್ನ ಮುಖ ನೋಡಿದಳು. ಆ ದಡದಲ್ಲಿ ಎಲ್ಲರಿಗಿಂತ ಬುದ್ಧಿ ಇದ್ದ ಪಾದ ಅದು. ಅದಕ್ಕೆ ಈಗ ಏನೂ ತಿಳಿಯುತ್ತಿರಲಿಲ್ಲ.

ಬರಿಗಾಲಲ್ಲಿ ನಡೆಯಲೇ ಬಾರದು, ದಿನಾ ಸಂಜೆ ಯಾರಾದರೂ ಅಂಗಾಲು ನೋಡಬೇಕು, ಗಾಯವಾಗಿ ಗೊತ್ತಾಗದಿದ್ದರೆ ಕಾಲಿಗೇ ಕುತ್ತು ಎಂದು ಡಾಕ್ಟರು ಹೇಳಿದಳು. ವಾಪಸು ಬರುವಾಗ ಆಟೋದಲ್ಲಿಯೇ ನಮ್ಮ ಜಗಳ ಶುರುವಾಯಿತು. ಇನ್ನು ಅಳಿವೆಗೆ ಹೋಗುವುದು ಬೇಡ ಎಂದು ನಾನು. ಆ ಹುಡುಗಿಗೆ ಎಂತ ಗೊತ್ತುಂಟು ಎಂದು ಅವರು. ನಾನು ದನಿ ಏರಿಸಿದೆ, ಅವರು ನನಗಿಂತ ಏರಿಸಿದರು. ಆಟೋದವ ಪಾಪ ಹಾಡು ನಿಲ್ಲಿಸಿ ಸುಮ್ಮನೆ ಓಡಿಸಿದ. ಮನೆಯ ಮೆಟ್ಟಿಲಿನಲ್ಲಿ ಕೂತ ಮೇಲೆ ಅತ್ತೆ ದನಿ ಇಳಿಸಿ ಹೇಳಿದರು: "ಇನ್ನೊಂದು ಸಲ ಬರಿಗೈಯಲ್ಲಿ ಬಂದರೆ ತಂಡೇಲ ಬೇರೆಯವರ ಮುಖ ನೋಡ್ತಾನೆ ಮಗಾ. ನೋಡಲೇಬೇಕಲ್ಲ, ಅವನದ್ದು ತಪ್ಪಲ್ಲ. ಆದರೆ ಹಾಗೆ ಬಿಟ್ಟು ಬರುವುದು ನನ್ನಿಂದ ಆಗುವುದಿಲ್ಲ. ಒಂದು ಕಾಣೆ ಹಿಡಿದು, ಗಂಜಿಗೆ ಕೊಟ್ಟು, ಆಮೇಲೆ ಸಾಕು ಅಂತ ನಾನೇ ಹೇಳಬೇಕು."

ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ಗಾಯ ಪೂರ್ತಿ ಮಾಯಲಿ, ಡಾಕ್ಟರು ನೋಡಿ ಒಣಗಿದೆ ಎನ್ನಲಿ, ಆಮೇಲೆ ಒಂದೇ ಒಂದು ಸಲ, ಅದೂ ನಾನು ಪಕ್ಕದಲ್ಲಿ ಕೈ ಹಿಡಿದುಕೊಂಡೇ ನಡೆಯುವುದು ಎಂದು ಒಪ್ಪಂದವಾಯಿತು. ಕಾಲಿನ ವಿಷಯ ಯಾರಿಗೂ ಹೇಳಬಾರದು ಎಂದು ಅವರು ಆಣೆ ಹಾಕಿಸಿಕೊಂಡರು.

ಗಾಯ ಒಣಗಿದ ಮೇಲೆ ಒಂದು ಭಾನುವಾರ ಹೋದೆವು, ಬಲೆ ದಡಕ್ಕೆ ಬಂತು. ತಂಡೇಲರು ಹಗ್ಗ ಕೆಳಗಿಟ್ಟು ಅತ್ತೆಯ ಮುಖ ನೋಡಿದರು. ಅತ್ತೆ ಸೀರೆ ಸಿಕ್ಕಿಸಿ ಎದ್ದು, ಗಟ್ಟಿಯಾಗಿ ಎಲ್ಲರಿಗೂ ಕೇಳುವ ಹಾಗೆ, "ಕಣ್ಣು ಸ್ವಲ್ಪ ಮಂಜು ಮಾರಾಯ. ಸೊಸೆ ಕೈ ಹಿಡ್ಕೊಳ್ತಾಳೆ" ಎಂದರು. ಅಷ್ಟು ದೂರದ ಬೋಟಿನ ಹೆಸರು ಓದುವ ಕಣ್ಣು ಅವರದು. ಕಾಲಿನ ಮಾನ ಉಳಿಸಲು ಕಣ್ಣಿನ ಮೇಲೆ ಸುಳ್ಳು ಹಾಕಿದರು. ತಂಡೇಲರು ತಲೆಯಾಡಿಸಿದರು.

ನಾವಿಬ್ಬರೂ ಇಳಿದೆವು. ನನ್ನ ಬಲಗೈಯಲ್ಲಿ ಅವರ ಎಡಗೈ. ಅವರ ಪಾದ ಹಿಂದಿನ ಹಾಗೆಯೇ ಸರಿಯುತ್ತಿತ್ತು, ಅದೇ ನಿಧಾನ, ಅದೇ ಬಿಂಕ. ಆದರೆ ಈ ಸಲ ಕಣ್ಣು ಬೋಟಿನ ಮೇಲೆ ಇರಲಿಲ್ಲ. ನೀರಿನೊಳಗೆ ತಮ್ಮ ಪಾದವನ್ನೇ ನೋಡುತ್ತಿದ್ದರು, ಅದು ಏನಾದರೂ ಹೇಳೀತೇ ಎಂದು. ನಮ್ಮ ಪಾದಗಳು ಒಂದಕ್ಕೊಂದು ತಾಗಿಕೊಂಡೇ ಹೋಗುತ್ತಿದ್ದವು. ನಡುವಿನವರೆಗೆ ಹೋದೆವು, ಏನಿಲ್ಲ. ತಿರುಗಿ ಬರತೊಡಗಿದೆವು. ದಡದಲ್ಲಿ ಗಂಜಿಯ ಪಾತ್ರೆಯ ಪಕ್ಕ ಕೆಂಡ ಮಾಡಿ ಇಟ್ಟಿದ್ದು ಕಾಣುತ್ತಿತ್ತು. ಅತ್ತೆಯ ಕೈ ನನ್ನ ಕೈಯೊಳಗೆ ಬಿಗಿಯಾಗುತ್ತಾ ಬಂತು.

ಆಗ ನನ್ನ ಬಲಗಾಲಿನ ಕಿರುಬೆರಳಿಗೆ ಒಂದು ನಡುಕ ತಾಗಿತು. ನನ್ನ ಕಾಲಡಿಯದಲ್ಲ, ಪಕ್ಕದಿಂದ ಬಂದದ್ದು. ಅತ್ತೆಯ ಪಾದದ ಅಡಿಯಲ್ಲಿ ಮೀನು ಇತ್ತು. ಒಳ್ಳೆಯ ಮೀನು, ನಡುಕದಲ್ಲಿಯೇ ಗೊತ್ತಾಗುತ್ತಿತ್ತು. ಅದರ ಮೇಲೆ ನಿಂತಿದ್ದ ಅತ್ತೆಗೆ ಮಾತ್ರ ಗೊತ್ತಾಗಿರಲಿಲ್ಲ. ಅವರು ಮುಂದಿನ ಹೆಜ್ಜೆಗೆಂದು ಹಿಮ್ಮಡಿಯ ಭಾರ ತೆಗೆಯುತ್ತಿದ್ದರು. ಬಾಯಿ ಬಿಟ್ಟು ಹೇಳಿದರೆ ದಡಕ್ಕೆಲ್ಲ ಕೇಳುತ್ತದೆ. ಹೇಳದಿದ್ದರೆ ಮೀನು ಹೋಗುತ್ತದೆ. ಯೋಚಿಸಲು ಹೊತ್ತಿರಲಿಲ್ಲ. ನಾನು ನನ್ನ ಕಾಲೆತ್ತಿ ಅತ್ತೆಯ ಪಾದದ ಮೇಲೆ ಇಟ್ಟು, ಮೈಯ ಭಾರವೆಲ್ಲ ಹಾಕಿ ಮೆಟ್ಟಿ ನಿಂತೆ.

ಹಿರಿಯರಿಗೆ ತಪ್ಪಿ ಕಾಲು ತಾಗಿದರೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವವರು ನಾವು. ಸೊಸೆ ಅತ್ತೆಯ ಕಾಲನ್ನು ಬೇಕೆಂದೇ ಮೆಟ್ಟುವುದನ್ನು ಆ ದಡ ಕಂಡಿರಲಿಲ್ಲ. ಹಗ್ಗ ಸುತ್ತುತ್ತಿದ್ದವರು ನಿಂತರು. ಬೆಂಗ್ರೆಯವಳು "ಅಯ್ಯೋ ದೇವರೇ, ನೋಡಿದ್ರಾ" ಎಂದಳು. ಅತ್ತೆ ಕೆಳಗೆ ನೋಡಿದರು, ನನ್ನ ಮುಖ ನೋಡಿದರು. ನಾನು ಕಾಲು ತೆಗೆಯಲಿಲ್ಲ. ಅವರಿಗೆ ಅರ್ಥವಾಯಿತು. ಬಗ್ಗಿ, ಕೈಯನ್ನು ಕೆಳಗೆ ಜಾರಿಸಿದರು, ತಮ್ಮ ಕಾಲಿನ ಗುಂಟ ಅಲ್ಲ, ನನ್ನ ಕಾಲಿನ ಗುಂಟ. ಎರಡು ಪಾದಗಳ ಅಡಿಯಿಂದ ಮೊಳಕೈ ಉದ್ದದ ಕಾಣೆಯನ್ನು ಎಳೆದು ತೆಗೆದರು.

ದಡಕ್ಕೆ ಬಂದಾಗ ಬೆಂಗ್ರೆಯವಳು ಸುಮ್ಮನಿರಲಿಲ್ಲ. "ಇದು ಯಾರ ಕಾಲಿನ ಮೀನು? ಎರಡು ಕಾಲು ಇತ್ತಲ್ಲ" ಎಂದು ತಂಡೇಲರನ್ನು ಕೇಳಿದಳು. ತಂಡೇಲರು ಒಳ್ಳೆಯವರು. ಅತ್ತೆಯ ಬಗ್ಗೆ ಗೌರವ ಇದ್ದವರು. "ಅಕ್ಕ ಮೊದಲು ಮೆಟ್ಟಿದ್ದಲ್ವಾ, ಅಕ್ಕನದ್ದೇ" ಎಂದರು. ಅಲ್ಲಿಗೆ ಮುಗಿಯುತ್ತಿತ್ತು. ಅತ್ತೆಗೆ ಬೇಕಾಗಿದ್ದದ್ದು ಕೈಗೆ ಬಂದಿತ್ತು, ನಾನೂ ಬಾಯಿ ಮುಚ್ಚಿ ನಿಂತಿದ್ದೆ. ಡಾಕ್ಟರ ಮುಂದೆ ಕಣ್ಣು ಮುಚ್ಚಿಕೊಂಡು ಸುಳ್ಳಿನ ಮೇಲೆ ಸುಳ್ಳು ಹೇಳಿದ ಅವರ ಬಾಯಿ ಇಲ್ಲಿ ಸುಮ್ಮನಿದ್ದರೆ ಸಾಕಿತ್ತು.

ಅತ್ತೆ ಮೀನನ್ನು ನನ್ನ ಕೈಗೆ ಕೊಟ್ಟರು. "ಅಲ್ಲ, ಮೇಲಿನ ಕಾಲಿನದ್ದು" ಎಂದರು. "ನಾನು ಅದರ ಮೇಲೆ ನಿಂತಿದ್ದೆ, ನನಗೆ ಗೊತ್ತಾಗಲಿಲ್ಲ. ನನ್ನ ಕಾಲಿಗೆ ಈಗ ಎಂತ ಸಹ ಗೊತ್ತಾಗುವುದಿಲ್ಲ. ಕಣ್ಣಿಗೆ ಏನೂ ಆಗಿಲ್ಲ, ಅದು ಸುಳ್ಳು ಹೇಳಿದ್ದು. ಇವಳಿಗೆ ಪಕ್ಕದಲ್ಲಿ ನಿಂತು ಗೊತ್ತಾಯ್ತು. ಮೀನು ಇವಳದ್ದು."

ಬೆಂಗ್ರೆಯವಳು ಸೆರಗು ಸರಿಮಾಡಿಕೊಂಡು ಆಚೆ ನೋಡಿದಳು. ನನಗೆ ಅಳು ಬಂತು. ಅವರ ಮೇಲೆ ಸಿಟ್ಟೂ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ಹೆಮ್ಮೆ ಬಂತು. ಮೀನಿನ ವಿಷಯದಲ್ಲಿ ಸುಳ್ಳು ಹೇಳಬಾರದು ಎಂಬ ಒಂದೇ ಕಾರಣಕ್ಕೆ ಅಷ್ಟು ವರ್ಷದ ಜಾಗವನ್ನು ನಿಂತಲ್ಲಿಯೇ ಬಿಟ್ಟುಕೊಟ್ಟ ಹೆಂಗಸು ನನ್ನ ಅತ್ತೆ. ನಾನು ಬಗ್ಗಿ, ಮೆಟ್ಟಿದ್ದ ಆ ಪಾದವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. "ಸಾಕು, ಮೀನು ಬಿಸಿಲಿಗೆ ಒಣಗ್ತದೆ" ಎಂದರು. ಆ ಕಾಣೆ ಗಂಜಿಗೆ ಹೋಯಿತು. ತಂಡೇಲರು ಮೊದಲ ತುಂಡನ್ನು ಅತ್ತೆಯ ಬಟ್ಟಲಿಗೇ ಹಾಕಿದರು.

ಮುಂದಿನ ಭಾನುವಾರ ಅತ್ತೆ ದಪ್ಪ ಅಡಿಯ ಚಪ್ಪಲಿ ಹಾಕಿಕೊಂಡು, ಮಗುಚಿ ಹಾಕಿದ ದೋಣಿಯ ನೆರಳಿನಲ್ಲಿ ಕೂತರು. ಚಪ್ಪಲಿಯನ್ನು ಅವರ ಮಗ ತಂದುಕೊಟ್ಟದ್ದು. ಬಣ್ಣ ಸರಿ ಇಲ್ಲ, ಭಾರ, ಬಾತುಕೋಳಿ ನಡೆದ ಹಾಗೆ ನಡೆಯಬೇಕು ಎಂದು ದಾರಿಯುದ್ದಕ್ಕೂ ಗೊಣಗಿದ್ದರು. ಬಲೆ ದಡಕ್ಕೆ ಬಂತು. ತಂಡೇಲರು ಅಭ್ಯಾಸದಂತೆ ಅತ್ತೆಯ ಮುಖ ನೋಡಿದರು. ಅತ್ತೆ ತಿರುಗಿ ನನ್ನ ಮುಖ ನೋಡಿದರು. ತಂಡೇಲರ ಕಣ್ಣು ಅವರ ಕಣ್ಣಿನ ಹಿಂದೆಯೇ ಬಂದು ನನ್ನ ಮೇಲೆ ನಿಂತಿತು. ಬೆಂಗ್ರೆಯವಳು ಏನೋ ಹೇಳಲು ಬಾಯಿ ತೆರೆದಳು, ಆಮೇಲೆ ತಾನೇ ನನಗೆ ದಾರಿ ಬಿಟ್ಟಳು. ಅದಕ್ಕೆ ಅವಳನ್ನೂ ಮೆಚ್ಚಬೇಕು.

ಒಬ್ಬಳೇ ಇಳಿದೆ. ಪಾದ ಶಾಂತವಾಗಿತ್ತು, ಹುಟ್ಟಿದ ಮನೆಯ ಗದ್ದೆಗೆ ಇಳಿದ ಹಾಗೆ. ಹೆಚ್ಚು ದೂರ ಹೋಗುವ ಮೊದಲೇ ಹಿಮ್ಮಡಿಯ ಅಡಿಯಲ್ಲಿ ಮೀನು ಮಿಸುಕಿತು. ತೆಗೆದು ಎತ್ತಿ ಹಿಡಿದೆ. ಅತ್ತೆ ಮೀನಿನ ಕಡೆ ನೋಡಲೇ ಇಲ್ಲ. ಸುತ್ತ ನಿಂತ ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು.

ಅವತ್ತು ಸಂಜೆ, ಡಾಕ್ಟರು ಹೇಳಿದಂತೆ, ಅತ್ತೆಯ ಅಂಗಾಲು ನೋಡಲು ನೆಲದ ಮೇಲೆ ಕೂತೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ಎದ್ದು ಹೋಗಿ ಗೂಟಕ್ಕೆ ಸುತ್ತಿಟ್ಟಿದ್ದ ಗಾಳದ ದಾರದ ಒಂದು ತುಂಡು ಕತ್ತರಿಸಿ ತಂದರು.

"ಕಾಲು ಕೊಡು" ಎಂದರು.

"ಎಂತಕ್ಕೆ ಅತ್ತೆ?" ನಾನು ಹಿಂಜರಿದೆ.

"ಕೊಡು ಅಂದೆ. ನನ್ನ ಕಾಲು ಮೆಟ್ಟುವಾಗ ಇಲ್ಲದ ನಾಚಿಕೆ ಈಗ ಎಂತಕ್ಕೆ?" ಎಂದು ನನ್ನ ಪಾದವನ್ನು ಹಿಡಿದೆಳೆದು ತಮ್ಮ ಮಡಿಲಿಗೆ ಇಟ್ಟುಕೊಂಡರು. "ಕಣ್ಣು ಮುಚ್ಚು."

ಮುಚ್ಚಿದೆ. ಹೆಬ್ಬೆರಳಿಗೆ ದಾರದ ತುದಿ ತಾಗಿತು. "ತಾಗ್ತದಾ?" ಎಂದರು. "ತಾಗ್ತದೆ" ಎಂದೆ. ಹಿಮ್ಮಡಿಯ ಒರಟು ಚರ್ಮಕ್ಕೆ, ಬಹಳ ಹಗುರವಾಗಿ. "ತಾಗ್ತದೆ." ಕಿರುಬೆರಳಿನ ಬದಿಗೆ, ಅಲ್ಲಿ ಅವರು ಸ್ವಲ್ಪ ಹೊತ್ತು ಒತ್ತಿ ಹಿಡಿದರು. "ತಾಗ್ತದೆ ಅತ್ತೆ." ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಪಾದದ ಕೆಳಗೆ ಅವರ ಅಂಗೈಯ ಬಿಸಿ ಮಾತ್ರ ಇತ್ತು.

"ಈಗ?"

"ಈಗ ಇಲ್ಲ."

ಅವರು ದಾರವನ್ನು ಬದಿಗಿಟ್ಟರು. ನನ್ನ ಪಾದವನ್ನು ಮಡಿಲಿನಿಂದ ಇಳಿಸಲಿಲ್ಲ.

"ಅಡ್ಡಿ ಇಲ್ಲ" ಎಂದರು.